ಮದುಮಗಳ ಪಿಕಪ್ಪಿಗೆ ಇಂಜಿನ್ ಹುಡುಕಿದ್ದು

ಮನಿ ಮುಂದ ಬಾನೆಟ್ ತೆರದ ಗಾಡಿ ನಿಂತದ ಅಂದ್ರ ಮುಗೀತು ನೋಡ್ರಿ, ಹಾದು ಹೋಗೋರೆಲ್ಲ ಬಗ್ಗಿ ನೋಡಿ ಒಂದೊಂದು ಮಾತು ಹೇಳೇ ಹೋಗ್ತಾರ. ಹಾಲು ಹಾಕೋನು ಹೇಳ್ದ, ಪೋಸ್ಟಿನವ ಹೇಳ್ದ, ಎಮ್ಮಿ ಹೊಡಕೊಂಡು ಹೊಂಟಾಕಿನೂ ಹೇಳಿದ್ಲು. ಗಾಡಿ ಮಾತ್ರ ಏಳಲಿಲ್ಲ.

ನಾನು ಮಾನ್ವ್ಯಾಗ ದರ್ಜಿ. ಗಾಡಿ ನಮ್ಮಜ್ಜಂದು, ಅಮೆರಿಕದ ಹಳೇ ಪಿಕಪ್. ರಾಯಚೂರಿಗೆ ಹತ್ತಿ ಒಯ್ಯಾಕ ಅಂತ ತಂದಿದ್ದ. ಆಮ್ಯಾಲ ಹತ್ತಿ ಹೋತು, ಗಾಡಿ ಉಳೀತು. ನಮ್ಮ ಮನಿ ಹೆಣ್ಣುಮಕ್ಕಳೆಲ್ಲ ಅದರಾಗ ಕುಂತೇ ಮದುವಿಗೆ ಹೋದವರು. ನನ್ನ ಮಗಳಿಗೂ ಸಣ್ಣಾಕಿ ಇದ್ದಾಗಿಂದ ಅದೇ ಆಸೆ. ಸಿರವಾರದಾಗ ಸಂಬಂಧ ಕೂಡಿತು. ನಿಶ್ಚಯದ ದಿನ ನಾನು ಬೀಗರ ಮುಂದ ಮೀಸಿ ಮ್ಯಾಲ ಕೈಯಾಡಿಸಿ, "ಹುಡುಗಿನ್ನ ನಮ್ಮ ಪಿಕಪ್‌ನ್ಯಾಗನ ತಂದು ಒಪ್ಪಸ್ತೀನ್ರಿ" ಅಂದುಬಿಟ್ಟೆ.

ಮುಂದಿನ ವಾರನ ಇಂಜಿನ್ ಜಾಮ್ ಆತು. ಪೋತ್ನಾಳದ ಮಿಸ್ತ್ರಿ ಬಂದು ನೋಡಿ, "ಬ್ಲಾಕ್ ಸೀಳ್ಯದರೀ, ಬ್ಯಾರೆ ಇಂಜಿನ್ನೇ ಹಾಕಬೇಕು" ಅಂದ. ನಮ್ಮನಿಯಾಕಿ ಒಳಗಿಂದನ ಅಂದ್ಲು: "ಗಾಡಿ ಹೊಂಡಲಿಲ್ಲಂದ್ರ ಮದುವಿಗೆ ನೀವೂ ಹೊಂಡಬ್ಯಾಡ್ರಿ."

ಪಿಕಪ್ ಅದ, ಇಂಜಿನ್ ಇಲ್ಲ

ಮದಲ ರಾಯಚೂರಿನ ಒಂದು ಸಾಮಾನಿನ ಅಂಗಡಿಗೆ ಫೋನ್ ಹಚ್ಚಿದೆ.

"ನಮ್ಮ ಪಿಕಪ್ಪಿಂದು ಸಮಸ್ಯೆ ಆಗ್ಯದರೀ."

"ಪಿಕಪ್ ಕಮ್ಮಿ ಆಗ್ಯದೇನ್ರಿ? ಏರ್ ಫಿಲ್ಟರ್ ಬದಲಿ ಮಾಡ್ರಿ, ಗಾಡಿ ಎಳೀತದ."

"ಕಮ್ಮಿ ಅಲ್ರೀ. ಪಿಕಪ್ ಚಲೋ ಅದ. ಇಂಜಿನ್ ಇಲ್ಲ."

ಪಾಪ, ಅಂವ ಓಟದ ಜೋರಿನ ಪಿಕಪ್ ಅಂತ ತಿಳಕೊಂಡಾನ, ನಾನು ಗಾಡಿ ಬಗ್ಗೆ ಹೇಳಾಕತ್ತೀನಿ. ಬಿಡಿಸಿ ಹೇಳೋದ್ರಾಗ ಅಂವನೇ ಅಂದ: "ಯಜಮಾನ್ರ, ಇಂಜಿನ್ ಇಲ್ದನ ಪಿಕಪ್ ಚಲೋ ಬರಾಕತ್ತದಂದ್ರ ಸುಮ್ನ ಕುಂದರ್ರಿ. ಡೀಸೆಲ್ಲರ ಉಳೀತದ."

ಅಳತಿ

ದೇವದುರ್ಗದಾಗ ಒಬ್ಬ ರೈತನ ಹತ್ರ ಹಳೇ ಟ್ರ್ಯಾಕ್ಟರಿನ ಇಂಜಿನ್ ಅದ ಅಂತ ಸುದ್ದಿ ಬಂತು. ಮಿಸ್ತ್ರಿನ್ನ ಕರಕೊಂಡು ಹೋದೆ. ಕೊಟ್ಟಿಗ್ಯಾಗ ಹೊಟ್ಟಿನ ಚೀಲದ ಬಾಜೂಕ ಕುಂತಿತ್ತು. ಗಾಡ್ಯಾಗ ಎಷ್ಟು ಜಾಗ ಅದ ಅಂತ ನಾನು ಮನ್ಯಾಗನ ಅಳದು ಇಟ್ಟಿದ್ದೆ. ಕೊರಳಾಗಿನ ಟೇಪ್ ತಗದು ಇಂಜಿನ್ನಿಂದೂ ಅಳತಿ ತಗೊಂಡೆ. ಉದ್ದ ಬರೋಬ್ಬರಿ. ಅಗಲ ಬರೋಬ್ಬರಿ. ಎತ್ತರದಾಗ ಮಾತ್ರ ಒಂದು ಗೇಣು ಹೆಚ್ಚಿಗಿ.

"ಬಾನೆಟ್ ಮುಚ್ಚಂಗಿಲ್ಲ" ಅಂದೆ.

"ಬಾನೆಟ್ ಕೊಯ್ದ್ರಾತು" ಅಂದ ಮಿಸ್ತ್ರಿ.

"ಮದುಮಗಳು ಕುಂದ್ರೋ ಗಾಡಿಗೆ ಹೊಟ್ಟಿ ಕೊಯ್ತಿಯೇನೋ?"

"ಮತ್ತೇನ್ರಿ, ಜಂಪರ್ ಹಂಗ ಹೊಲಿಗಿ ಬಿಚ್ಚಿ ಸಡ್ಲ ಮಾಡಾಕ ಬರ್ತದೇನು?"

ಜಗಳ ಕೇಳಿ ರೈತನ ಹೆಂಡತಿ ಹೊರಗ ಬಂದ್ಲು. ಇಂಜಿನ್ ನೋಡಲಿಲ್ಲ, ನನ್ನ ಟೇಪ್ ನೋಡಿದ್ಲು. "ದರ್ಜಿಯವರೇನ್ರಿ? ನಿಂದರ್ರಿ, ಬಂದೆ" ಅಂದಾಕಿ ಓಣ್ಯಾಗಿನ ಹೆಣ್ಣುಮಕ್ಕಳನ್ನೆಲ್ಲ ಕರಕೊಂಡು ಬಂದ್ಲು. ಇಂಜಿನ್ ತರಾಕ ಹೋದವ ಬಗಲಾಗ ಒಂದು ಗಂಟು ಜಂಪರ್ ಪೀಸ್ ಇಟಗೊಂಡು ಬಸ್ ಹತ್ತಿದೆ. ಹಬ್ಬದೊಳಗ ಕೊಡಬೇಕಂತ.

ನಿಲ್ಲದ ಇಂಜಿನ್

ದಿನ ಹತ್ರ ಬಂದ್ವು. ನನಗ ಅನ್ನ ಇಳೀವಲ್ದು, ನಿದ್ದಿ ಬರವಲ್ದು. ಮಗಳು ದಿನಾ ಮುಂಜಾನೆ ಗಾಡಿ ಒರಸಾಕಿ. ಕಡೀಕ ರಾಯಚೂರಿನ ಗುಜರಿ ಅಂಗಡಿಗೆ ಹೋದೆ. ಅಂಗಡಿ ಚಾಚಾ ನನ್ನ ಮಾರಿ ನೋಡಿನೇ ಚಾ ತರಿಸಿದ.

"ಕೈಕೂ ಫಿಕರ್ ಕರ್ತೇ ಮಾಸ್ಟರ್, ಚಿಂತಿ ಯಾಕ? ಈ ಜೀಪಿನ ಇಂಜಿನ್ ನೋಡ್ರಿ. ಒಂದಿನಾನೂ ನಿಂತಿಲ್ಲ."

"ಮತ್ತ ಮಾರಿದ್ದು ಯಾಕ?"

"ಅದಕ್ಕೇ ಮಾರ್ಯಾರ. ಬ್ರೇಕ್ ಹಾಕಿದ್ರೂ ನಿಂತಿಲ್ಲ. ಬೇವಿನ ಗಿಡಕ್ಕ ಹೋಗಿ ಬಡದ ಮ್ಯಾಲೇ ನಿಂತದ್ದು."

ತಪ್ಪು ಬ್ರೇಕಿಂದು, ಇಂಜಿನ್ನಿಂದಲ್ಲ ಅಂತ ಮಿಸ್ತ್ರಿ ಹೇಳ್ದ. ನನಗೂ ಬ್ಯಾರೆ ದಾರಿ ಇದ್ದಿಲ್ಲ. ತಂದು, ಬೆಸದು, ಕುಂದ್ರಿಸಿ, ಕುಂಕುಮ ಹಚ್ಚಿ ಕೀಲಿ ತಿರುವಿದ್ವಿ. ಒಮ್ಮಿಗೇ ಎದ್ದಿತು. ಇಡೀ ಓಣಿ ನಡುಗಿತು. ನನ್ನ ಕಣ್ಣು ತುಂಬಿ ಬಂದಿತ್ತು, ಅಷ್ಟರಾಗ ಬಾಜು ಮನಿಯಾಕಿ ಜ್ವಾಳದ ಡಬ್ಬಿ ತಂದು ಗಾಡಿ ಮುಂದ ಇಟ್ಲು.

"ಗಿರಣಿ ಹಾಕಿದ್ದು ಚಲೋ ಆತು ನೋಡ್ರಿ. ಸ್ವಲ್ಪ ಸಣ್ಣಗ ಬೀಸ್ರಿ."

ಹೆಣ್ಣೊಪ್ಪಿಸಿದ್ದು

ಮದುವಿ ದಿನ ಗಾಡಿ ಮಾನ ಕಾಯ್ತು. ಬಾನೆಟ್ ಒಳಗ ಇಂಜಿನ್ನಿಗೂ ಒಂದು ಹೂವಿನ ಸರ ಸುತ್ತಿದ್ದೆ. ಮಗಳು ಮುಂದ ಕುಂತ್ಲು, ನಾನೇ ಹೊಡಕೊಂಡು ಸಿರವಾರ ಮುಟ್ಟಿಸಿದೆ. ಬೀಗರು ಬಂದು ನೋಡಿದ್ರು. ಹೊಸ ಸೊಸಿನ್ನ ಒಂದು ಸಲ ನೋಡಿದ್ರು, ಬಾನೆಟ್ ತಗದು ಇಂಜಿನ್ ಭಾಳ ಹೊತ್ತು ನೋಡಿದ್ರು. ನನಗ ಹೆಮ್ಮಿ ಅನಸ್ತು.

ಅಕ್ಕಿಕಾಳು ಬಿದ್ವು. ಊಟಕ್ಕ ಕುಂತಿದ್ದೆ, ಬೀಗರು ಬಾಜೂಕ ಬಂದು ಕುಂತ್ರು. ಹೋಳಿಗಿಗೆ ತುಪ್ಪ ತಾವೇ ಹಾಕಿದ್ರು.

"ಬೀಗರ, ಒಂದು ಮಾತು. ಕಾಲುವ್ಯಾಗ ಈಗ ನೀರು ಬಂದಾವಂತ. ನಮ್ಮ ಸರದಿ. ನೀರೆತ್ತೋ ಇಂಜಿನ್ ನಿನ್ನೇನೇ ಕೆಟ್ಟದ, ನೆಲ್ಲು ಕೆಂಪಗ ಆಗಾಕತ್ತದ. ನಿಮ್ಮ ಗಾಡೀದು ಬಿಚ್ಚಿ ಪಂಪಿಗೆ ಹಚ್ಚಿದ್ರ..."

ಹೆಣ್ಣು ಕೊಟ್ಟ ದಿನ, ಅವರ ಮನಿ ಪಂಕ್ತ್ಯಾಗ ಕುಂತು, ಬೀಗರಿಗೆ ಇಲ್ಲ ಅಂದವರು ಯಾರರ ಇದ್ದಾರೇನ್ರಿ? ಬಾಯಾಗ ಹೋಳಿಗಿ ಇಟ್ಟಗೊಂಡೇ "ನಿಮ್ಮದೇ ಅಂತ ತಿಳ್ಕೊರ್ರಿ" ಅಂದೆ. ಅವರು ಹಂಗೇ ತಿಳಕೊಂಡ್ರು.

ಉಣ್ಣಾಕ ಬಂದಿದ್ದ ಮಿಸ್ತ್ರಿನೇ ಕೈ ತೊಳಕೊಂಡು ಬಂದು ಬಿಚ್ಚಿದ. ನನ್ನ ಮಾರಿ ನೋಡೋ ಧೈರ್ಯ ಅವನಿಗೆ ಆಗಲಿಲ್ಲ. ನಾಕು ಮಂದಿ ಹಿಡದು ಟ್ರ್ಯಾಕ್ಟರಿನ ಟ್ರಾಲಿಗೆ ಹೇರಿದ್ರು.

ಹೆಣ್ಣೊಪ್ಪಿಸೋ ಹೊತ್ತಾತು. ಮಗಳ ಕೈ ಹಿಡದು ಆಕಿ ಅತ್ತಿ ಕೈಯಾಗ ಇಟ್ಟೆ. ಅದೇ ಹೊತ್ತಿಗೆ ಟ್ರ್ಯಾಕ್ಟರ್ ಹೊಲದ ಕಡೆ ಹೊಂಟಿತು. ಹೂವಿನ ಸರ ಹಾಕ್ಕೊಂಡ ಇಂಜಿನ್ ಟ್ರಾಲ್ಯಾಗ ಅಳ್ಳಾಡಕೋತ ದೂರ ಆತು. ನನಗ ತಡಕೊಳ್ಳಾಕ ಆಗಲಿಲ್ಲ. ಕಣ್ಣಾಗಿಂದ ದಳದಳ ನೀರು ಇಳದ್ವು.

ಹೆಣ್ಣುಮಕ್ಕಳೆಲ್ಲ "ಎಂಥಾ ಕರಳು ನೋಡವ್ವಾ ಅಪ್ಪಂದು" ಅಂತ ತಾವೂ ಅತ್ರು. ನಮ್ಮನಿಯಾಕಿ ಮದುವ್ಯಾದ ಮ್ಯಾಲ ಮದಲ ಸಲ ನನ್ನ ಬೆನ್ನು ಸವರಿದ್ಲು. ಬೀಗರು ಹೆಗಲ ಮ್ಯಾಲ ಕೈ ಇಟ್ಟು, "ಚಿಂತಿ ಬಿಡ್ರಿ, ನಮ್ಮ ಮನ್ಯಾಗ ಹೂವಿನಂಗ ನೋಡ್ಕೋತೀವಿ" ಅಂದ್ರು.

ಮಗಳು ಕಾಲಿಗೆ ಬಿದ್ದಾಕಿ ಎದ್ದು, ಕಿವಿ ಹತ್ರ ಬಾಯಿ ತಂದು ಮೆಲ್ಲಕ ಅಂದ್ಲು:

"ಅಳಬ್ಯಾಡ ಯಪ್ಪಾ. ಆಯಿಲ್ ದಿನಾ ನಾನೇ ನೋಡ್ತೀನಿ."