ಹಿಂದಕ್ಕೆ ಮಡಚುವ ಲ್ಯಾಪ್‌ಟಾಪು

ಐವತ್ತು ದಾಟಿದ ಗಂಡಸು ತನಗೆ ಬೇಕಾದದ್ದನ್ನು 'ನನಗೆ ಬೇಕು' ಎಂದು ಕೇಳುವಂತಿಲ್ಲ. ಚಿಕ್ಕ ಮಕ್ಕಳು ಕೇಳಬಹುದು, ಕೊಡದಿದ್ದರೆ ನೆಲಕ್ಕೆ ಬಿದ್ದು ಹೊರಳಾಡಬಹುದು. ಎಂಬತ್ತರ ಮುದುಕರೂ ಕೇಳಬಹುದು, ಪಾಪ ಇನ್ನೆಷ್ಟು ದಿನ ಎಂದು ಮನೆಯವರು ತಂದುಕೊಡುತ್ತಾರೆ. ನಡುವಿನವರು ಮಾತ್ರ 'ಕೆಲಸಕ್ಕೆ ಬೇಕು' ಎನ್ನಬೇಕು. ನಾನು ಅಂಗಡಿಗೆ ಟಿ.ವಿ. ತಂದದ್ದು ಗಿರಾಕಿಗಳಿಗೆ ಬೇಸರವಾಗದಿರಲೆಂದು. ಮನೆಯಲ್ಲಿ ತೂಗುಮಂಚ ಹಾಕಿಸಿದ್ದು ಬೆನ್ನುನೋವು ಬಂದರೆ ಕೆಲಸ ಕೆಡುತ್ತದೆಂದು. ಹೀಗಾಗಿ ಹಗುರವಾದ, ಬೆರಳಿಗೂ ಪೆನ್ನಿಗೂ ಓಗೊಡುವ, ಪರದೆಯನ್ನು ಪೂರ್ತಿ ಹಿಂದಕ್ಕೆ ಮಡಚಬಹುದಾದ ಲ್ಯಾಪ್‌ಟಾಪೊಂದು ಬೇಕೆನಿಸಿದಾಗಲೂ ಹೆಂಡತಿ ಸುಮಂಗಲಾಗೆ ಅದೇ ಮಾತು ಹೇಳಿದೆ. "ಈಗಿಂದಕ್ಕ ಏನಾಗೇತ್ರಿ?" ಎಂದಳು. ಈಗಿನದಕ್ಕೆ ಏನೂ ಆಗಿರಲಿಲ್ಲ. ನನ್ನ ತೊಂದರೆ ಇದ್ದದ್ದೇ ಅಲ್ಲಿ.

ಹಾನಗಲ್ಲಿನಲ್ಲಿ ನನ್ನದೊಂದು ಫ್ಲೆಕ್ಸ್ ಬ್ಯಾನರಿನ ಅಂಗಡಿ. ಹುಟ್ಟುಹಬ್ಬ, ಗೃಹಪ್ರವೇಶ, ಅಂಗಡಿ ಉದ್ಘಾಟನೆ, ಭಾವಪೂರ್ಣ ಶ್ರದ್ಧಾಂಜಲಿ, ಎಲ್ಲವನ್ನೂ ನಾನು ಡಿಸೈನ್ ಮಾಡಿ ಹಾವೇರಿಗೆ ಕಳಿಸುತ್ತೇನೆ. ಅಲ್ಲಿ ಪ್ರಿಂಟಾಗಿ, ಸುರುಳಿ ಸುತ್ತಿಸಿಕೊಂಡು, ಬೆಳಗಿನ ಬಸ್ಸಿಗೆ ವಾಪಸ್ಸು ಬರುತ್ತವೆ. ಸುಮಂಗಲಾ ಅಂಚು ಮಡಚಿ, ಹಗ್ಗ ಕಟ್ಟುವ ತೂತುಗಳಿಗೆ ರಿಂಗ್ ಹೊಡೆದು ಗಿರಾಕಿಗೆ ಕೊಡುತ್ತಾಳೆ. ಅಂಗಡಿಯ ಹೆಸರಿನಲ್ಲಿ 'ಡಿಜಿಟಲ್' ಎಂದು ಎಷ್ಟು ದೊಡ್ಡದಾಗಿ ಹಾಕಿದರೂ ಜನ ನನ್ನನ್ನು ಕರೆಯುವುದು ಮಾತ್ರ ಪೇಂಟರ್ ಎಂದೇ. ಫ್ಲೆಕ್ಸ್ ಬರುವುದಕ್ಕೆ ಮುಂಚೆ ನಾನು ಬ್ರಷ್ ಹಿಡಿದು ಬೋರ್ಡು ಬರೆಯುತ್ತಿದ್ದೆ. ಸವಣೂರಿನ ಎಲೆ ಅಂಗಡಿಗಳು, ಶಿಗ್ಗಾವಿಯ ಹಿಟ್ಟಿನ ಗಿರಣಿ, ಹಿರೇಕೆರೂರಿನ ಲಾರಿಗಳು, ಎಲ್ಲದರ ಮೇಲೂ ನನ್ನ ಅಕ್ಷರ ಇರುತ್ತಿದ್ದವು. ಟ್ರ್ಯಾಕ್ಟರ್ ಟ್ರೇಲರಿನ ಹಿಂದೆ 'ಅವ್ವನ ಆಶೀರ್ವಾದ' ಬರೆಸಿಕೊಳ್ಳಲು ಜನ ಪಾಳಿ ಹಚ್ಚಿ ನಿಲ್ಲುತ್ತಿದ್ದರು. ನಾನು 'ಶ್ರೀ' ಬರೆಯುವಾಗ ಚಹಾ ಕುಡಿಯುವವರು ಕಪ್ಪು ಕೆಳಗಿಟ್ಟು ನೋಡುತ್ತಿದ್ದರು. ಇದನ್ನೆಲ್ಲ ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಕೇಳುವವರು ಎದ್ದು ಹೋಗುವುದುಂಟು.

ಆಮೇಲೆ ಫ್ಲೆಕ್ಸ್ ಬಂತು, ಬ್ರಷ್ಷಿನ ಕೂದಲು ಒಣಗಿತು, ನಾನೂ ಮೌಸ್ ಹಿಡಿದೆ. ಹೊಟ್ಟೆಪಾಡಿಗೆ ಅದರಿಂದ ಯಾವ ಕೊರತೆಯೂ ಆಗಲಿಲ್ಲ, ಆದ್ದರಿಂದ ದೂರುವಂತೆಯೂ ಇಲ್ಲ. ಆದರೆ ದಿನವಿಡೀ ಯಾರೋ ಎಲ್ಲೋ ಮಾಡಿಟ್ಟ ಅಕ್ಷರಗಳನ್ನು ಎಳೆದೆಳೆದು ಕೂಡ್ರಿಸುವಾಗ ಒಮ್ಮೊಮ್ಮೆ ನನ್ನ ಬಲಗೈ ನನ್ನನ್ನೇ ನೋಡುತ್ತಿದೆ ಅನ್ನಿಸುತ್ತಿತ್ತು. ಹೀಗಿರುವಾಗ ಮೊಬೈಲಿನಲ್ಲಿ ಒಂದು ವಿಡಿಯೋ ಬಂತು. ಯಾರೋ ಒಬ್ಬ ಹುಡುಗಿ ಲ್ಯಾಪ್‌ಟಾಪಿನ ಪರದೆಯನ್ನು ಹಿಂದಕ್ಕೆ ಮಡಚಿ, ಶಾಲೆಯ ಪಾಟಿಯ ಹಾಗೆ ತೊಡೆಯ ಮೇಲಿಟ್ಟುಕೊಂಡು, ಗಾಜಿನ ಮೇಲೆ ಪೆನ್ನಿನಿಂದ ಬರೆಯುತ್ತಿದ್ದಳು. ಕೆಲಸಕ್ಕೂ ಸೈ, ಕಲೆಗೂ ಸೈ ಎಂದು ಕೆಳಗೆ ಬರೆದಿದ್ದರು. ಸುಮಂಗಲಾಗೆ ನಾನು ಮೊದಲನೆಯ ಅರ್ಧವನ್ನಷ್ಟೇ ಓದಿ ಹೇಳಿದೆ. ಎರಡನೆಯದು ನನ್ನೊಳಗೇ ಇತ್ತು. ನನ್ನ ಕೈಗೆ ಇನ್ನೂ ಅಕ್ಷರ ಬರುತ್ತವೆಯೋ ಇಲ್ಲವೋ ನೋಡಬೇಕಿತ್ತು. ಹಳೆಯ ಬ್ರಷ್ ಹಿಡಿದು ನೋಡಬಹುದಿತ್ತಲ್ಲ ಎನ್ನುತ್ತೀರಿ. ಈ ವಯಸ್ಸಿನಲ್ಲಿ ಬಣ್ಣದ ಡಬ್ಬಿ ಹಿಡಿದು ಗೋಡೆಯೆದುರು ನಿಂತರೆ ಫ್ಲೆಕ್ಸ್ ಅಂಗಡಿ ಮುಳುಗಿತೆಂದು ಸಂಜೆಯೊಳಗೆ ಊರಿಗೆಲ್ಲ ಸುದ್ದಿಯಾಗುತ್ತದೆ. ಅಲ್ಲದೆ ಗೋಡೆಯ ಮೇಲೆ ಕೆಟ್ಟದ್ದು ಕೆಟ್ಟೇ ಉಳಿಯುತ್ತದೆ. ಗಾಜಿನ ಮೇಲೆ ಯಾರಿಗೂ ತಿಳಿಯದಂತೆ ಅಳಿಸಬಹುದು.

ಹುಬ್ಬಳ್ಳಿಗೆ ಒಬ್ಬನೇ ಹೋಗಿ ಕೊಂಡುತರುವ ಯೋಚನೆಯಿತ್ತು. ಸುಮಂಗಲಾ ಸೀರೆ ಉಟ್ಟು ನನಗಿಂತ ಮೊದಲೇ ಬಸ್ ನಿಲ್ದಾಣದಲ್ಲಿ ನಿಂತಿದ್ದಳು. ಆಕೆಯ ತವರು ಹಿರೇಬೆಂಡಿಗೇರಿ. ಆ ಮನೆಯವರು ಹಂಡೆ, ಕೊಡ, ಒನಕೆ, ಏನೇ ಕೊಂಡರೂ ಮೊದಲು ಎತ್ತಿ ನೋಡುತ್ತಾರೆ. ಎತ್ತಲು ಕಷ್ಟವಾದರೆ ಚಲೋ ಮಾಲು. ಹುಬ್ಬಳ್ಳಿಯ ಅಂಗಡಿಯ ಸೇಲ್ಸ್‌ಮನ್, ಕೊರಳಿಗೆ ಗುರುತಿನ ಚೀಟಿ ತೂಗುಹಾಕಿಕೊಂಡ ಸಭ್ಯ ಮನುಷ್ಯ, "ಇದು ಭಾಳ ಲೈಟ್ ವೇಟ್ ಐತ್ರಿ ಮೇಡಮ್" ಎಂದು ಹೆಮ್ಮೆಯಿಂದ ಆಕೆಯ ಕೈಗೆ ಕೊಟ್ಟ. ಸುಮಂಗಲಾ ಎರಡೂ ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಆಡಿಸಿದಳು. ಮುಖ ಸಪ್ಪಗಾಯಿತು. "ಒಳಗ ಎಲ್ಲಾ ಸಾಮಾನ ಹಾಕ್ಯಾರೇನ್ರಿ?" ಎಂದು ಕೇಳಿದಳು. ಹಾಕಿದ್ದಾರೆ ಎಂದು ಆತ ಆಣೆ ಮಾಡುವ ದನಿಯಲ್ಲಿ ಹೇಳಿದ. "ಇದರಕಿಂತ ನಮ್ಮ ರೊಟ್ಟಿ ಹಂಚು ವಜ್ಜಾ ಐತಿ. ಅದೂ ಇಷ್ಟ ರೊಕ್ಕಕ್ಕ!" ಎಂದು ಆಕೆ ಮೂಲೆಯಲ್ಲಿದ್ದ ಒಂದು ದಪ್ಪನೆಯ ಕಪ್ಪು ಲ್ಯಾಪ್‌ಟಾಪಿನ ಕಡೆ ಪ್ರೀತಿಯಿಂದ ನೋಡತೊಡಗಿದಳು.

ಆಕೆಯ ಗಮನ ಸೆಳೆಯಲೆಂದು ಸೇಲ್ಸ್‌ಮನ್ ಆಗ ಪರದೆಯನ್ನು ಹಿಂದಕ್ಕೆ ಒತ್ತಿದ. ನೆಟ್ಟಗಿದ್ದದ್ದು ಅಂಗಾತ ಮಲಗಿತು. ಅಲ್ಲಿಗೆ ಬಿಡುತ್ತಾನೆಂದುಕೊಂಡೆವು. ಆತ ಇನ್ನೂ ಒತ್ತಿದ. "ಅಯ್ಯ ಅಯ್ಯ, ಮುರೀತಲ್ರೀ!" ಎಂದು ಸುಮಂಗಲಾ ಕೂಗಿದಳು. ವಿಡಿಯೋವನ್ನು ಎಷ್ಟೋ ಸಲ ನೋಡಿದ್ದ ನಾನೂ ನನಗರಿವಿಲ್ಲದೆ ಕೆಳಗೆ ಎರಡು ಕೈ ಹಿಡಿದೆ. ಬಟ್ಟೆ ತೊಳೆಯುವ ಯಂತ್ರ ನೋಡುತ್ತಿದ್ದ ಒಂದು ಕುಟುಂಬ ಇತ್ತ ತಿರುಗಿತು. ಮುರಿಯಲಿಲ್ಲ. ಬೆನ್ನಿಗೆ ಬೆನ್ನು ಅಂಟಿ ಪಾಟಿಯಾಯಿತು. ಸುಮಂಗಲಾ ಸಾವರಿಸಿಕೊಂಡು, "ಮುರೀಲಿಲ್ಲ ಖರೆ, ಆದರ ಹಂಗ್ಯಾಕ ಮಾಡಬೇಕ್ರಿ ಅದಕ?" ಎಂದಳು. ಆತ ಅದನ್ನು ನೆಟ್ಟಗೆ ಮಾಡಿ, ಮತ್ತೊಮ್ಮೆ ಹಿಂದಕ್ಕೆ ಮಡಚಿ ತೋರಿಸಿದ.

ನಾನು ಪೆನ್ನು ಕೇಳಿದೆ. ಮೊದಲನೆಯ ಲ್ಯಾಪ್‌ಟಾಪಿನಲ್ಲಿ ನನ್ನ ಕೈ ಮುಂದೆ ಹೋಗುತ್ತಿತ್ತು, ಗೆರೆ ಹಿಂದಿನಿಂದ ನಡೆದು ಬರುತ್ತಿತ್ತು. ಎರಡನೆಯದರ ಗಾಜು ಎಣ್ಣೆ ಹಚ್ಚಿದಷ್ಟು ಜಾರುತ್ತಿತ್ತು. ಮೂರನೆಯದರ ಮೇಲೆ 'ಅ' ಬರೆದೆ. ಬಂತು. ಸೊಂಟ ಸ್ವಲ್ಪ ಡೊಂಕಾಗಿತ್ತು, ಆದರೆ ನನ್ನದೇ 'ಅ'. ಪಕ್ಕದಲ್ಲಿ ಇನ್ನೊಂದು ಅಕ್ಷರ ಬರೆಯುವ ಮುಂಚೆ, ಒದ್ದೆ ಬಣ್ಣಕ್ಕೆ ಕೈ ತಾಗದಿರಲೆಂದು ಮುಂಗೈ ಎತ್ತಿ, 'ಅ' ಒಣಗಲೆಂದು ಮೆಲ್ಲಗೆ ಊದಿದೆ. ಸೇಲ್ಸ್‌ಮನ್ ಗಾಬರಿಯಿಂದ, "ಧೂಳ ಇತ್ತೇನ್ರಿ ಸರ? ಒರಸ್ತೇನಿ ತಡೀರಿ" ಎಂದು ಬಟ್ಟೆ ತಂದ. ಸುಮಂಗಲಾ ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದಳು. ಕಪ್ಪು ಲ್ಯಾಪ್‌ಟಾಪಿನ ಮಾತು ಆಮೇಲೆ ಎತ್ತಲಿಲ್ಲ. "ಇದನ್ನ ಕೊಡ್ರಿ. ಇವರ ಕೆಲಸಕ್ಕ ಬೇಕಾಗೇತಿ" ಎಂದು ಆಕೆಯೇ ಹೇಳಿದಳು.

ಮನೆಗೆ ತಂದ ಮೇಲೆ ಒಂದು ವಾರ ಅದನ್ನು ಮಡಚುವ ಧೈರ್ಯ ನಮ್ಮಿಬ್ಬರಿಗೂ ಬರಲಿಲ್ಲ. ಧೈರ್ಯ ಬಂದ ಮೇಲೆ ಬೇರೊಂದು ತೊಡಕು ಶುರುವಾಯಿತು. ನಮ್ಮ ಗಿರಾಕಿಗಳು ಬ್ಯಾನರನ್ನು ಕಣ್ಣಿನಿಂದ ನೋಡುವವರಲ್ಲ, ಬೆರಳಿನಿಂದ ನೋಡುವವರು. "ಇವನ ಮೋತಿ ಈ ಕಡೆ ತಗೋರಿ" ಎಂದು ಮುಖದ ಮೇಲೆ ಬೆರಳೂರುತ್ತಾರೆ. ಹಳೆಯ ಲ್ಯಾಪ್‌ಟಾಪಿನಲ್ಲಿ ಅದರಿಂದ ಒಂದು ಕಲೆ ಬೀಳುತ್ತಿತ್ತು, ಸಂಜೆ ಒರೆಸುತ್ತಿದ್ದೆ. ಹೊಸದು ಅವರ ಮಾತು ಕೇಳುತ್ತಿತ್ತು. ಹುಟ್ಟುಹಬ್ಬದ ಬ್ಯಾನರೊಂದರಲ್ಲಿ ಶುಭ ಕೋರುವ ಗೆಳೆಯನೊಬ್ಬ ತನ್ನ ಮುಖವನ್ನು ಎರಡು ಬೆರಳಿನಿಂದ ತೋರಿಸಲು ಹೋಗಿ ಅದನ್ನು ಕುಂಬಳಕಾಯಿ ಗಾತ್ರಕ್ಕೆ ಹಿಗ್ಗಿಸಿದ. ನಾನು ಫೋನಿನಲ್ಲಿದ್ದೆ, ನೋಡದೆ ಹಾಗೆಯೇ ಹಾವೇರಿಗೆ ಕಳಿಸಿದೆ. ಹುಟ್ಟುಹಬ್ಬ ಯಾರದೆಂದು ಊರಿನವರಿಗೆ ಎರಡು ದಿನ ಸಂಶಯವಿತ್ತು. ಹುಟ್ಟಿದವನು ಬಂದು ಜಗಳವಾಡಿದ, ಹಿಗ್ಗಿದವನು ಬಂದು ಪೇಢೆ ಕೊಟ್ಟ. ಅಂದಿನಿಂದ ಗಿರಾಕಿ ಕುಳಿತುಕೊಳ್ಳುವ ಕುರ್ಚಿಯನ್ನು ಅಷ್ಟು ದೂರ ಸರಿಸಿಟ್ಟಿದ್ದೇನೆ.

ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಬರೆಯುತ್ತಾ ಹೋದೆ. ಡೊಂಕು ಸೊಂಟಗಳು ನೆಟ್ಟಗಾದವು. ಕೈ ಪಳಗಿತೆನ್ನಿಸಿದಾಗ ಸರಿಯಾಗಿ ತಿಳವಳ್ಳಿಯ ಚನ್ನಬಸಣ್ಣ ಬಂದ. ಬೀಜ ಗೊಬ್ಬರದ ಹೊಸ ಅಂಗಡಿ ತೆರೆಯುವವನಿದ್ದ, ಬೋರ್ಡು ಬೇಕಿತ್ತು. ಇದನ್ನು ಕೈಯಿಂದಲೇ ಬರೆಯಬೇಕೆಂದು ನಿಶ್ಚಯಿಸಿದೆ. 'ಬೀಜ ಮತ್ತು ಗೊಬ್ಬರ' ಎಂಬಷ್ಟನ್ನು ಎರಡು ದಿನ ಬರೆದೆ. ಕೊನೆಗೆ ಬಂದ 'ಗೊಬ್ಬರ'ವನ್ನು ನೋಡಿ ನನಗೇ ಕಣ್ಣು ತೇವವಾಯಿತು. ಆ ಶಬ್ದಕ್ಕೆ ಯಾರೂ ಅಷ್ಟು ಮರ್ಯಾದೆ ಕೊಟ್ಟಿರಲಿಕ್ಕಿಲ್ಲ. ಈ ಬೋರ್ಡು ತಿಳವಳ್ಳಿಯ ಬಸ್ಸುಗಳೆದುರು ನಿಂತರೆ ನಾನು ಮತ್ತೆ ಪೇಂಟರ್, ಇಲ್ಲವಾದರೆ ಫೋಟೋ ಸರಿಸುವವನು. ನನ್ನ ಮಟ್ಟಿಗೆ ಲೆಕ್ಕ ಅಷ್ಟು ಸರಳವಾಗಿತ್ತು.

ಚನ್ನಬಸಣ್ಣ ದೂರದ ಕುರ್ಚಿಯಿಂದ ನೋಡಿದ. "ಭಾಳ ಚಂದ ಆಗೇತ್ರಿ ಪೇಂಟರ್ರ. ಯಾವ ಫಾಂಟ್ರಿ ಇದು?"

"ಫಾಂಟ್ ಅಲ್ರಿ. ನಾನ ಬರದೇನಿ, ಕೈಲೆ" ಎಂದೆ. ದನಿಯಲ್ಲಿ ಸ್ವಲ್ಪ ಜಂಬವಿತ್ತೇನೋ.

"ಕೈಲೇನು?" ಎಂದು ಆತ ಮತ್ತೆ ನೋಡಿದ. "ಹಂಗಾರ ಬ್ಯಾಡ್ರಿ. ತಪ್ಪ ತಿಳ್ಕೋಬ್ಯಾಡ್ರಿ ಮತ್ತ, ಹೊಸಾ ಅಂಗಡಿ ಐತಿ. ಕೈಬರಹ ಅಂದ್ರ ಮಂದಿ ಏನಂತಾರ? ನೀವು ಲ್ಯಾಪ್‌ಟಾಪಿನ್ಯಾಗ ಮಾಡಿ ಕೊಡ್ರಿ."

"ಇದೂ ಲ್ಯಾಪ್‌ಟಾಪಿನ್ಯಾಗ ಮಾಡಿದ್ದರಿ."

"ಅಲ್ರಿ, ಲ್ಯಾಪ್‌ಟಾಪ ಮಾಡಿದ್ದು ಬೇಕು. ನೀವು ಮಾಡಿದ್ದಲ್ಲ" ಎಂದು ತಾಳ್ಮೆಯಿಂದ ತಿಳಿಸಿ ಹೇಳಿ, ನಾಳೆ ಬರುತ್ತೇನೆಂದು ಹೋದ.

ನನ್ನ ಬೆನ್ನಹಿಂದೆ ಕುಳಿತು ರಿಂಗ್ ಹೊಡೆಯುತ್ತಿದ್ದ ಸುಮಂಗಲಾಳ ಸುತ್ತಿಗೆ ನಿಂತಿತ್ತು. ನನಗೆ ಸಿಟ್ಟು ಬಂದಿತ್ತು. ಆ ದಿನ ಇನ್ನೊಂದು ಅಕ್ಷರ ಬರೆಯಲಿಲ್ಲ. ಮರುದಿನ ಚನ್ನಬಸಣ್ಣ ಬಂದು ಕುಳಿತ. ನನಗೆ ಏನನ್ನಿಸಿತೋ, ನಿನ್ನೆಯ ಅದೇ ಬೋರ್ಡನ್ನು, ಒಂದು ಚುಕ್ಕೆಯನ್ನೂ ಬದಲಿಸದೆ ಮುಂದಿಟ್ಟು, "ಹೊಸಾ ಫಾಂಟ್ ಬಂದೈತ್ರಿ. ಹಾಕಿ ನೋಡೇನಿ" ಎಂದೆ.

"ನೋಡ್ರಿ ಮತ್ತ! ಎಷ್ಟ ಫರಕ ಆತು!" ಎಂದು ಆತ ತೊಡೆ ತಟ್ಟಿದ. "ನಿನ್ನೀದರಾಗ ಜೀವಾನ ಇರಲಿಲ್ಲ."

ಬೋರ್ಡು ತಿಳವಳ್ಳಿಯಲ್ಲಿ ಏರಿತು. ನಾನು ಬಸ್ಸಿನಲ್ಲಿ ಹೋಗಿ ಎದುರಿನ ಹೋಟೆಲಿನಲ್ಲಿ ಕುಳಿತು, ಬೇಡವಾದರೂ ಎರಡು ಮಿರ್ಚಿ ತಿಂದು, ಕಣ್ತುಂಬ ನೋಡಿಕೊಂಡು ಬಂದೆ. ಗೆದ್ದೆನೆಂದೇ ತಿಳಿದಿದ್ದೆ. ಅಷ್ಟರಲ್ಲಿ ಚನ್ನಬಸಣ್ಣನ ಅಳಿಯ ಹಿರೇಕೆರೂರಿನಲ್ಲಿ ಅಂಥದೇ ಅಂಗಡಿ ತೆರೆದ, ಅದೇ ಫಾಂಟು ಬೇಕೆಂದ. ಹುರುಪಿನಿಂದ ಹೊಸದಾಗಿ ಬರೆದು ಕಳಿಸಿದೆ. ಮಾವ ಅಳಿಯ ಎರಡೂ ಬೋರ್ಡುಗಳನ್ನು ಮೊಬೈಲಿನಲ್ಲಿ ಅಕ್ಕಪಕ್ಕ ಇಟ್ಟು ನೋಡಿದರು. ಫೋನ್ ಬಂತು. "ಪೇಂಟರ್ರ, ನಮ್ಮ ಗೊಬ್ಬರಕಿಂತ ಅಳಿಯಾರ ಗೊಬ್ಬರದ ಬಾಲ ಗಿಡ್ಡ ಐತಲ್ರಿ. ಫಾಂಟ್ ಏನರ ಕೆಟ್ಟೈತೇನು ನೋಡ್ರಿ." ಕೈಯಿಂದ ಬರೆದರೆ ಎರಡು ಸಲ ಒಂದೇ ಥರ ಬರುವುದಿಲ್ಲ, ಅದೇ ಅದರ ಚಂದ ಎಂದು ಹೇಳಬೇಕಿತ್ತು. "ಹೌದ್ರಿ, ಸ್ವಲ್ಪ ಕೆಟ್ಟೈತಿ. ರಿಪೇರಿ ಮಾಡಿ ಕಳಸ್ತೇನಿ" ಎಂದೆ. ಈಗ ಅಕ್ಕಿಆಲೂರಿನಿಂದ ಒಬ್ಬರು, ಸವಣೂರಿನಿಂದ ಒಬ್ಬರು ಆ ಫಾಂಟನ್ನೇ ಕೇಳಿಕೊಂಡು ಬರುತ್ತಿದ್ದಾರೆ.

ಆದ್ದರಿಂದ ಮಧ್ಯಾಹ್ನಗಳಲ್ಲಿ ನಾನು ಪರದೆ ಮಡಚಿ, ತಿಳವಳ್ಳಿಯ ಬೋರ್ಡಿನ ಚಿತ್ರವನ್ನು ಗಾಜಿನಡಿ ಮಸುಕಾಗಿ ಮೂಡಿಸಿಕೊಂಡು, ಅದರ ಮೇಲೆಯೇ ಪೆನ್ನಿನಿಂದ ಕೂದಲೆಳೆಯಷ್ಟೂ ಆಚೀಚೆಯಾಗದಂತೆ ಬರೆಯುತ್ತೇನೆ. ಉಸಿರು ಬಿಗಿಹಿಡಿಯಬೇಕಾಗುತ್ತದೆ. ಮೊನ್ನೆ ಸುಮಂಗಲಾ ಬಂದು ಪಕ್ಕದಲ್ಲಿ ನಿಂತು ನೋಡಿದಳು. "ಮೊದಲಿಂದನ್ನ ಕಾಪಿ ಮಾಡಿ ಕೂಡ್ರಿಸಿದ್ರ ಆತಲ್ರಿ. ಕಣ್ಣ ಮುಚ್ಚಿ ತೆಗೆಯೂದರಾಗ ಮುಗೀತೈತಿ."

"ಕಾಪಿ ಮಾಡಿದ್ರ ಕೈಬರಹ ಹೆಂಗಾತು? ಕೈಲೇನ ಬರೀಬೇಕು" ಎಂದೆ, ಸ್ವಲ್ಪ ಜೋರಾಗಿಯೇ.

"ಆದ್ರ ಕೈಲೆ ಬರದದ್ದಂತ ಯಾರಿಗೂ ಗೊತ್ತಾಗಬಾರದು?"

"ಗೊತ್ತಾಗಬಾರದು."

ಆಕೆ ನಗಲಿಲ್ಲ. "ಹಂಗಾರ ಸಾವಕಾಶ ಬರೀರಿ" ಎಂದು ಚಹಾ ಇಟ್ಟು ಹೋದಳು. ಸಾವಕಾಶವಾಗಿಯೇ ಬರೆಯುತ್ತಿದ್ದೇನೆ. ಕೈ ಈಗ ಎಷ್ಟು ಪಳಗಿದೆಯೆಂದರೆ, ಬರೆದು ಮುಗಿಸಿ ದೂರ ಸರಿದು ನೋಡಿದರೆ, ಇದನ್ನು ಒಬ್ಬ ಮನುಷ್ಯ ಬರೆದಿದ್ದಾನೆಂದು ನನಗೂ ಅನ್ನಿಸುವುದಿಲ್ಲ.