ತಲೆಗೆ ನೀರು ಇಷ್ಟ, ಬಾಲಕ್ಕೆ ಆಗದು

ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವರ ಬದುಕಿನಲ್ಲಿ ತಮಾಷೆಗೆ ಬರ ಅಂತ ಇಲ್ಲ. ನಾವು ಕಣ್ಣಿಗೆ ಕಾಣದ ಪ್ರೋಟೀನು, ಕೊಬ್ಬು, ಅವುಗಳ ನಡುವಿನ ಬಂಧ ಅಂತ ಹೇಳುತ್ತಾ ಹೋಗುತ್ತೇವೆ. ಕೇಳಿದವರು ಅದನ್ನು ಕಣ್ಣಿಗೆ ಕಾಣುವ ಯಾವುದಕ್ಕಾದರೂ ಅಂಟಿಸಿಕೊಳ್ಳುತ್ತಾರೆ. ಕಡಬ, ಸುಳ್ಯ, ಪುತ್ತೂರು ಅಂತ ಮೂರೂ ಕಡೆ ಕಲಿಸಿದ ನನಗೆ ಇಂಥವು ಆಗುತ್ತಲೇ ಬಂದಿವೆ.

ಮೈದಾನದಲ್ಲಿ ಕೋಶ

ಕಡಬದಲ್ಲಿದ್ದಾಗಿನ ಮಾತು. ಕೋಶದ ಹೊರಪೊರೆ ಹೇಗೆ ಕಟ್ಟಿಕೊಂಡಿರುತ್ತದೆ ಅಂತ ಬೋರ್ಡಿನಲ್ಲಿ ಚಿತ್ರ ಬರೆದೆ. ಲಿಪಿಡ್ ಅನ್ನುವ ಕೊಬ್ಬಿನ ಒಂದೊಂದು ಅಣುವಿಗೂ ಒಂದು ತಲೆ, ಎರಡು ಬಾಲ. ತಲೆಗೆ ನೀರೆಂದರೆ ಇಷ್ಟ, ಬಾಲಗಳಿಗೆ ನೀರು ಕಂಡರಾಗದು. ಹಾಗಾಗಿ ಎರಡು ಸಾಲು ನಿಂತು, ಬಾಲಗಳನ್ನು ಒಳಗೆ ಬಚ್ಚಿಟ್ಟು, ತಲೆಗಳನ್ನು ಹೊರಗೆ ಹಾಕುತ್ತವೆ. ಇಷ್ಟು ಹೇಳಿದರೂ ಮಕ್ಕಳ ಮುಖದಲ್ಲಿ ಬೆಳಕು ಬರಲಿಲ್ಲ. ಎಲ್ಲರನ್ನೂ ಮೈದಾನಕ್ಕೆ ಕರೆದುಕೊಂಡು ಹೋದೆ. ಬೆನ್ನಿಗೆ ಬೆನ್ನು ಬರುವಂತೆ ಎರಡು ಸಾಲು ನಿಲ್ಲಿಸಿ, ಎರಡೂ ಕೈ ಹಿಂದಕ್ಕೆ ಚಾಚಿ, ಅದೇ ನಿಮ್ಮ ಬಾಲ ಅಂದೆ.

ಇನ್ನು ಪೊರೆಯ ನಡುವೆ ಹುಗಿದುಕೊಂಡು ನಿಲ್ಲುವ ಪ್ರೋಟೀನ್ ಒಂದು ಬೇಕಿತ್ತು. ತರಗತಿಯಲ್ಲಿ ದಪ್ಪಗಿನ ಹುಡುಗ ಒಬ್ಬನಿದ್ದ. ಬಾಯಿಬಿಟ್ಟು ಮಾತಾಡಿದವನಲ್ಲ. ಉಳಿದವರು ಅವನನ್ನು ಡುಮ್ಮ ಅಂತಲೇ ಕರೆಯುತ್ತಿದ್ದರು. ಪೊರೆಯಲ್ಲಿ ಬಹಳ ಮುಖ್ಯದ ಕೆಲಸ ಇವನದ್ದು, ಯಾರು ಒಳಗೆ ಬರಬೇಕು, ಯಾರು ಬರಬಾರದು ಅಂತ ನೋಡುವವನು ಇವನೇ ಅಂತ ಹೇಳಿ ಅವನನ್ನು ನಡುವೆ ನಿಲ್ಲಿಸಿದೆ. ಅವನ ಎದೆ ಸ್ವಲ್ಪ ಮುಂದೆ ಬಂದದ್ದು ನನಗೆ ಕಂಡಿತು.

ಅಷ್ಟರಲ್ಲಿ ಮಳೆ ಬಂತು. ಪೊರೆ ಒಡೆದು ಎಲ್ಲರೂ ಜಗಲಿಗೆ ಓಡಿದರು. ಅಲ್ಲಿ ನಿಂತು ನೋಡುತ್ತಿದ್ದ ಪ್ರಾಂಶುಪಾಲರು, ತಲೆಗೆ ನೀರು ಇಷ್ಟ ಅಂತ ನೀವೇ ಹೇಳಿದ್ದಲ್ಲವಾ, ಮತ್ತೆ ಯಾಕೆ ಓಡಿ ಬಂದರು ಅಂತ ಕೇಳಿದರು. ಜಡೆ ಹಿಂಡುತ್ತಿದ್ದ ಒಬ್ಬಳು, "ಸರ್, ಈಗ ಬಂದದ್ದು ಬಾಲ" ಅಂದಳು.

ತಿರುಗಿ ನೋಡಿದರೆ ಮೈದಾನದ ನಡುವೆ ನಮ್ಮ ಪ್ರೋಟೀನ್ ಒಬ್ಬನೇ ತೊಪ್ಪೆಯಾಗಿ ನಿಂತಿದ್ದ. ಕರೆದರೂ ಬರಲಿಲ್ಲ. ಕೊಡೆ ಹಿಡಿದು ನಾನೇ ಹೋಗಿ, ಯಾಕೆ ಮಾರಾಯ, ಜ್ವರ ಬರಿಸಿಕೊಳ್ಳಬೇಕು ಅಂತ ಉಂಟಾ ಅಂತ ಕೇಳಿದೆ.

ಅವನು ಬಹಳ ಗಂಭೀರವಾಗಿ ಹೇಳಿದ: "ನಾನೂ ಬಿಟ್ರೆ ಕೋಶ ಹೋಗ್ತದಲ್ಲ, ಮೇಡಂ?"

ಆ ದಿನದಿಂದ ಡುಮ್ಮ ಅನ್ನುವ ಹೆಸರು ಹೋಗಿ ಪ್ರೋಟೀನ್ ಅನ್ನುವ ಹೆಸರು ಬಂತು. ಹಾಗೆ ಕರೆದರೆ ಅವನು ಖುಷಿಯಿಂದ ಓ ಅನ್ನುತ್ತಿದ್ದ.

ಕಡಿಮೆ ಬಿದ್ದ ಕೊಬ್ಬು

ಅದೇ ಕಾಲೇಜಿನಲ್ಲಿ ಪೋಷಕರ ಸಭೆ. ಒಬ್ಬ ಹುಡುಗನ ತಾಯಿ ಕೆಲಸಕ್ಕೆ ರಜೆ ಹಾಕಿ ಬಂದಿದ್ದರು. ಮಗ ಪಾಸಾಗುತ್ತಾನೋ ಇಲ್ಲವೋ ಅನ್ನುವ ಹೆದರಿಕೆ ಮುಖದಲ್ಲೇ ಇತ್ತು. ಅವರಿಗೆ ಸಮಾಧಾನ ಆಗಲಿ ಅಂತ ಮೆಲ್ಲಗೆ ಹೇಳಿದೆ, ಪ್ರೋಟೀನಿನಲ್ಲಿ ಒಳ್ಳೆಯ ಅಂಕ ಉಂಟು, ಕೊಬ್ಬು ಮಾತ್ರ ಸ್ವಲ್ಪ ಕಡಿಮೆ.

ಆ ತಾಯಿ ನನ್ನನ್ನೇ ನೋಡಿದರು. ಆಮೇಲೆ ಮಗನನ್ನು ನೋಡಿದರು. ನೀವು ಬೇರೆ ಯಾರದ್ದೋ ಮಗನ ವಿಷಯ ಹೇಳುವುದಿರಬೇಕು, ನಮ್ಮವನಿಗೆ ಅದು ಮನೆ ತುಂಬ ಉಂಟು ಅಂದರು. ಬಟ್ಟಲು ತೊಳೆಯಲಿಕ್ಕೆ ಹೇಳಿದರೆ ಎಂತ ಉತ್ತರ ಕೊಡುತ್ತಾನೆ, ಅಜ್ಜಿಯ ಹತ್ತಿರ ಹೇಗೆ ಮಾತಾಡುತ್ತಾನೆ ಅಂತ ಒಂದೊಂದಾಗಿ ಹೇಳಲಿಕ್ಕೆ ಶುರು ಮಾಡಿದರು. ಹುಡುಗ ನೆಲ ನೋಡುತ್ತಾ, ಅಮ್ಮಾ, ಅದು ಪಾಠದ ಹೆಸರು ಅಂದ.

ತಾಯಿಗೆ ಹೆದರಿಕೆ ಇನ್ನೂ ಜಾಸ್ತಿಯಾಯಿತು. "ಪಾಠ ಓದದೆಯೇ ಇಷ್ಟು ಉಂಟು ಮೇಡಂ. ಇನ್ನು ಓದಿದ ಮೇಲೆ ಎಂತ ಕತೆ?"

ದರ್ಬೆಯ ಇಸ್ತ್ರಿ

ಪುತ್ತೂರಿಗೆ ಬಂದ ಮೇಲಿನದ್ದು. ನಮ್ಮಲ್ಲಿ ಗಣಿತ ಕಲಿಸುವ ಹುಡುಗಿಗೆ ತಲೆ ತುಂಬ ಗುಂಗುರು ಕೂದಲು. ನೋಡಲಿಕ್ಕೆ ಚಂದವೇ. ಆದರೆ ಬಂದ ಎರಡು ಸಂಬಂಧ ತಪ್ಪಿಹೋದದ್ದಕ್ಕೆ ಅವಳ ಅಮ್ಮ ಆ ಕೂದಲನ್ನೇ ದೂರುತ್ತಿದ್ದರು. ಮೂರನೆಯ ಕಡೆಯವರು ನೋಡಲು ಬರುವ ದಿನ, ಕೂದಲು ನೇರ ಮಾಡಿಸಿಕೊಂಡೇ ಬಾ ಅಂತ ಹಠ ಹಿಡಿದರು. ಅವಳು ಕಣ್ಣು ಕೆಂಪು ಮಾಡಿಕೊಂಡು ನನ್ನನ್ನೂ ಊರಿನ ದರ್ಬೆ ಪೇಟೆಯ ಪಾರ್ಲರಿಗೆ ಕರೆದುಕೊಂಡು ಹೋದಳು.

ಬಿಸಿ ಇಸ್ತ್ರಿ ಓಡುತ್ತಿರುವಾಗ ನನ್ನ ಬಾಯಿ ಸುಮ್ಮನಿರಲಿಲ್ಲ. ಕೂದಲು ಅಂದರೆ ಪ್ರೋಟೀನಿನ ಹಗ್ಗ, ಅದನ್ನು ಗುಂಗುರಾಗಿ ಹಿಡಿದದ್ದು ಗಂಧಕದ ಗಟ್ಟಿ ಬಂಧ, ಈ ಇಸ್ತ್ರಿಗೆ ಅದು ಬಗ್ಗುವುದಿಲ್ಲ, ಬಿಟ್ಟುಕೊಳ್ಳುವುದು ಜಲಜನಕದ ಸಣ್ಣ ಬಂಧಗಳು ಮಾತ್ರ ಅಂತ ವಿವರಿಸಿದೆ. ಹಾಗಾದರೆ ಎಷ್ಟು ಹೊತ್ತು ನಿಲ್ಲುತ್ತದೆ ಅಂತ ಅವಳು ಕೇಳಿದಳು. ನೀರು ತಾಗುವವರೆಗೆ ಅಂದೆ. ಪಾರ್ಲರಿನವಳು ನನ್ನನ್ನು ನೋಡಿದ ನೋಟ ಈಗಲೂ ನೆನಪುಂಟು. ಹೊರಗೆ ಜೂನ್ ತಿಂಗಳ ಮೋಡ.

ಅಲ್ಲಿಂದ ಅವಳ ಜೊತೆ ನಾನೂ ಅವಳ ಮನೆಗೆ ಹೋದೆ. ಹುಡುಗನ ಕಡೆಯವರು ಬಂದರು. ಹುಡುಗ ಸಾಧು. ಅವನ ತಾಯಿ ಬಿಗುಮಾನದವರ ಹಾಗೆ ಕಂಡರು, ಬೆನ್ನ ಮೇಲೆ ರೇಷ್ಮೆಯಂಥ ನೇರ ಕೂದಲು. ಅದನ್ನು ನೋಡಿಯೇ ನಮ್ಮ ಹುಡುಗಿಯ ಧೈರ್ಯ ಅರ್ಧ ಇಳಿಯಿತು. ಉಪ್ಪಿಟ್ಟು ಬಡಿಸುವ ಹೊತ್ತಿಗೆ ಮಳೆ ಹೊಡೆಯಿತು, ಕರೆಂಟ್ ಹೋಯಿತು, ಫ್ಯಾನ್ ನಿಂತಿತು. ಅಡುಗೆಮನೆಯ ಹಬೆ, ಹೊರಗಿನ ತೇವ ಎರಡೂ ಸೇರಿ ಕೋಣೆಯಲ್ಲಿ ತುಂಬಿತು. ಮೊದಲು ಅವಳ ಹಣೆಯ ಹತ್ತಿರ ಒಂದು ಎಳೆ ಸುರುಳಿಯಾಯಿತು. ಆಮೇಲೆ ಕಿವಿಯ ಹತ್ತಿರ. ಅವಳ ಅಮ್ಮ ಕಣ್ಣು ಮುಚ್ಚಿಕೊಂಡರು. ಹುಡುಗಿಯ ಕಣ್ಣಲ್ಲಿ ನೀರು.

ಆಗ ನಾನು ಹುಡುಗನ ತಾಯಿಯ ಕಡೆ ನೋಡಿದೆ. ಅವರ ರೇಷ್ಮೆಯಂಥ ಕೂದಲೂ ಸುರುಳಿ ಸುತ್ತಿ ಮೇಲೇರುತ್ತಿತ್ತು. ನೋಡನೋಡುತ್ತಿದ್ದ ಹಾಗೆ ಅವರ ತಲೆಯೂ ಇವಳ ತಲೆಯೂ ಒಂದೇ ಅಚ್ಚು. ಆ ತಾಯಿ ತಮ್ಮ ಕೂದಲನ್ನು ಕೈಯಲ್ಲಿ ಮುಟ್ಟಿ ನೋಡಿಕೊಂಡರು. ಮೆಲ್ಲಗೆ ಎದ್ದು ಬಂದು ಹುಡುಗಿಯ ಪಕ್ಕದಲ್ಲಿ ಕೂತು, ಎಲ್ಲಿ ಮಾಡಿಸಿದ್ದು ಅಂತ ಕೇಳಿದರು. ದರ್ಬೆಯಲ್ಲಿ ಅಂತ ಅವಳು ಪಿಸುಗುಟ್ಟಿದಳು.

"ನಾನೂ ಅಲ್ಲಿಯೇ ಮಗಾ" ಅಂದರು ಅವರು. "ಮದುವೆಗೆ ನಾವಿಬ್ಬರೂ ಅಲ್ಲಿಗೆ ಹೋಗುದು ಬೇಡ."

ಮೊಟ್ಟೆಯ ಬಿಳಿ

ಇನ್ನು ಸುಳ್ಯದ್ದು. ನೆನಪಾದಾಗ ಈಗಲೂ ಒಬ್ಬಳೇ ನಗುತ್ತೇನೆ.

ಪ್ರಾಯೋಗಿಕ ಪರೀಕ್ಷೆಯ ಮುಂಚಿನ ದಿನ, ಪ್ರಯೋಗಾಲಯ ನೋಡಿಕೊಳ್ಳುವ ಅಕ್ಕನ ಹತ್ತಿರ, ನಾಳೆ ಪರೀಕ್ಷಕರು ಬರುವಾಗ ಮೊಟ್ಟೆಯ ಬಿಳಿ ರೆಡಿ ಇರಲಿ ಅಂತ ಹೇಳಿದ್ದೆ. ಮಕ್ಕಳು ಅದನ್ನು ನೀರಿಗೆ ಕದಡಿ, ಪ್ರೋಟೀನ್ ಉಂಟು ಅಂತ ನೇರಳೆ ಬಣ್ಣ ಬರಿಸಿ ತೋರಿಸಬೇಕಿತ್ತು. ಅಕ್ಕ ಹೊಸಬರು, ಬಹಳ ಒಳ್ಳೆಯ ಮನಸ್ಸಿನವರು.

ಪರೀಕ್ಷಕರು ಘಟ್ಟದ ಮೇಲಿನವರು. ಗುಂಡ್ಯದ ಹತ್ತಿರ ಟ್ಯಾಂಕರ್ ಅಡ್ಡ ನಿಂತು ಅವರ ಬಸ್ ತಡವಾಗಿತ್ತು. ಬೆಳಿಗ್ಗಿನಿಂದ ಹೊಟ್ಟೆಗೆ ಏನೂ ಇಲ್ಲದೆ ಸಿಡಿಮಿಡಿಯಾಗಿಯೇ ಬಂದರು. ನಾನು ಮಕ್ಕಳನ್ನು ಸಾಲಾಗಿ ಕೂರಿಸಿ ಬರುವಷ್ಟರಲ್ಲಿ, ಅವರು ತಟ್ಟೆಯಿಂದ ಕೊನೆಯ ತುಂಡನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಬೇಯಿಸಿ, ಹಳದಿ ತೆಗೆದು, ಮೇಲಿನಿಂದ ಕಾಳುಮೆಣಸಿನ ಹುಡಿ ಹಾಕಿದ ಮೊಟ್ಟೆ. ಅಕ್ಕನನ್ನು ಹೊರಗೆ ಕರೆದು ಕೇಳಿದರೆ, ನೀವು ಬಿಳಿ ಮಾತ್ರ ಅಂದಾಗಲೇ ಅಂದಾಜಾಯಿತು ಮೇಡಂ, ಪಾಪ, ಅವರಿಗೆ ಕೊಲೆಸ್ಟ್ರಾಲ್ ಇರಬೇಕು ಅಂದರು. ಹಳದಿ ಎಲ್ಲವೂ ಕ್ಯಾಂಟೀನಿನ ಬೆಕ್ಕಿಗೆ ಹೋಗಿತ್ತು.

ಚಹಾಕ್ಕೆ ತಂದಿಟ್ಟ ಹಾಲಿನಲ್ಲೇ ಪರೀಕ್ಷೆ ಸುಧಾರಿಸಿದೆವು. ನೇರಳೆ ಬಣ್ಣವೂ ಬಂತು, ನಮಗೆಲ್ಲ ಹಾಲಿಲ್ಲದ ಕಣ್ಣ ಚಹಾ ಬಂತು. ಆಮೇಲೆ ಮೌಖಿಕ ಪರೀಕ್ಷೆ. ಅರಂತೋಡಿನ ಹುಡುಗಿಯೊಬ್ಬಳ ಬಗ್ಗೆ ನನಗೆ ಚಿಂತೆ ಇತ್ತು. ಹತ್ತರವರೆಗೆ ಕನ್ನಡದಲ್ಲಿ ಓದಿದವಳು. ಮನೆಯಲ್ಲಿ ಆಡುವುದು ಆ ಕಡೆಯ ಅರೆಭಾಷೆ. ವಿಷಯ ಎಲ್ಲ ಗೊತ್ತು, ಇಂಗ್ಲಿಷಿನಲ್ಲಿ ಕೇಳಿದರೆ ಮಾತ್ರ ನಾಲಿಗೆ ಕಟ್ಟುತ್ತಿತ್ತು. ಆ ಹೆದರಿಕೆಗೇ ಹಿಂದಿನ ದಿನ ಕಾಲೇಜು ಬಿಡುತ್ತೇನೆ ಅಂತ ನನ್ನ ಹತ್ತಿರ ಅತ್ತಿದ್ದಳು.

ಪರೀಕ್ಷಕರು ಇಂಗ್ಲಿಷಿನಲ್ಲಿ ಕೇಳಿದರು. ಅವಳು ರೆಕಾರ್ಡ್ ಪುಸ್ತಕದ ಅಂಚು ಮಡಚುತ್ತಾ ನನ್ನ ಕಡೆ ನೋಡಿದಳು. ಮೊಟ್ಟೆ ತಿಂದು ಅವರೂ ತಣ್ಣಗಾಗಿದ್ದರು ಅಂತ ಕಾಣುತ್ತದೆ. ಪೆನ್ನು ಕೆಳಗಿಟ್ಟು, "ಕನ್ನಡದಲ್ಲೇ ಹೇಳಮ್ಮ. ಪ್ರೋಟೀನನ್ನು ಬಿಸಿ ಮಾಡಿದರೆ ಏನಾಗುತ್ತೆ?" ಅಂದರು.

ಅವಳ ಮುಖಕ್ಕೆ ಜೀವ ಬಂತು. ಪ್ರೋಟೀನ್ ಅಂದರೆ ಮಡಚಿಕೊಂಡ ದಾರದ ಹಾಗೆ, ಮಡಿಕೆಗಳನ್ನು ಹಿಡಿದ ಸಣ್ಣ ಸಣ್ಣ ಬಂಧಗಳು ಬಿಸಿಗೆ ಬಿಟ್ಟುಹೋಗುತ್ತವೆ, ದಾರ ತುಂಡಾಗುವುದಿಲ್ಲ, ಬಿಚ್ಚಿದ ದಾರಗಳು ಒಂದಕ್ಕೊಂದು ಸಿಕ್ಕಿಕೊಂಡು ಗಟ್ಟಿಯಾಗುತ್ತವೆ ಅಂತ ತಡೆಯಿಲ್ಲದೆ ಹೇಳಿದಳು. ಉದಾಹರಣೆ ಕೇಳಿದರು. ಮೊಟ್ಟೆಯ ಬಿಳಿ ಅಂದಳು. ನನ್ನ ಜೀವಕ್ಕೆ ಸಮಾಧಾನವಾಯಿತು. ಪೂರ್ತಿ ಅಂಕ ಬರೆಯುತ್ತಾ ಅವರು ಕೊನೆಯ ಪ್ರಶ್ನೆ ಹಾಕಿದರು, ಅದನ್ನು ಮತ್ತೆ ಮೊದಲಿನ ಹಾಗೆ ಮಾಡೋಕಾಗುತ್ತಾ ಅಂತ.

ಹುಡುಗಿ ಖಾಲಿ ತಟ್ಟೆಯನ್ನು ನೋಡಿದಳು. ಪರೀಕ್ಷಕರ ಹೊಟ್ಟೆಯ ಕಡೆ ನೋಡಿದಳು. ಬಹಳ ಯೋಚನೆ ಮಾಡಿ ಉತ್ತರ ಕೊಟ್ಟಳು:

"ಬೇಯಿಸಿದ್ದನ್ನೇ ಆಗುದಿಲ್ಲ ಸರ್. ಇದು ತಿಂದೂ ಆಗಿದೆ."