ಶಾಲು ಹೊದ್ದು ಮೇಲೇರಿದ ಆಸಿಲೇಟರ್ ಅವರ ಸನ್ನಿಧಿಗೆ

ಇಂದ: ಅರ್ಚಿತಾ, ಮೊದಲ ವರ್ಷ, ಎಲೆಕ್ಟ್ರಾನಿಕ್ಸ್ ವಿಭಾಗ, ಬಳ್ಳಾರಿ ರಸ್ತೆಯ ಮನೆಯ ಹಿಂದಿನ ರೂಮು, ಹೊಸಪೇಟೆ.

ಗೆ: ಶ್ರೀಯುತ ಆಸಿಲೇಟರ್ ಅವರು, ಹಳೆಯ ಹಾರ್ಮೋನಿಯಂ ಪೆಟ್ಟಿಗೆ, ಎಡಗಡೆಯ ಮೊದಲ ಮನೆ; ಅದೇ ರೂಮು.

ಮಾನ್ಯರೇ,

ತಮ್ಮ ಪಾದಗಳಿಗೆ, ಅಂದರೆ ಪೆಟ್ಟಿಗೆಯ ಕೆಳಗೆ ನಾನೇ ಅಂಟಿಸಿದ ರಬ್ಬರ್ ಬಿರಡೆಗಳಿಗೆ, ಸಾಷ್ಟಾಂಗ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ತಣ್ಣಗಿದ್ದೀರೆಂದು ಇನ್ನೂ ಹೆಚ್ಚಾಗಿ ನಂಬಿದ್ದೇನೆ. ಸಂಡೂರಿನ ಹಾಸ್ಟೆಲಿನಲ್ಲಿ ಇಂಗ್ಲಿಷಿನಲ್ಲೇ ಓದಿ ಬೆಳೆದ ನನಗೆ ಕನ್ನಡದಲ್ಲಿ ಬರೆದು ರೂಢಿಯಿರುವುದು ವಾರ್ಡನ್ ಮೇಡಮ್ಮಿಗೆ ಕೊಡುತ್ತಿದ್ದ ರಜಾ ಅರ್ಜಿಗಳು ಮಾತ್ರ. ಆದಕಾರಣ ಈ ಪತ್ರದಲ್ಲಿ ಎಲ್ಲಿಯಾದರೂ ನನಗೆ ಜ್ವರ ಬಂದಿದೆಯೆಂದು ಕಂಡುಬಂದರೆ ಅದು ಕೈಯ ಅಭ್ಯಾಸವೆಂದು ತಿಳಿದು ಕ್ಷಮಿಸಬೇಕು. ತಮ್ಮ ಎದುರು ನಿಂತು ಹೇಳುವ ಧೈರ್ಯ ಸಾಲದೆ, ಕಾಲೇಜಿನ ಗೋಡೆಪತ್ರಿಕೆಯ ಮೂಲಕ ಬಹಿರಂಗವಾಗಿ ದೂರಿಕೊಳ್ಳುತ್ತಿದ್ದೇನೆ.

ತಮ್ಮ ಪರಿಚಯವಿಲ್ಲದ ಓದುಗರಿಗಾಗಿ ಒಂದೆರಡು ಮಾತು. ತಾವು ನಾನು ಮನೆಯಲ್ಲೇ ಕಟ್ಟಿದ ಸಿಂಥಸೈಜರಿನ ಹಿರಿಯ ಸದಸ್ಯರು. ಅಂಗಡಿಯ ಕೀಬೋರ್ಡಿನಂತೆ ಎಲ್ಲವನ್ನೂ ಒಂದೇ ಹೊಟ್ಟೆಯಲ್ಲಿ ತುಂಬಿಕೊಂಡ ಯಂತ್ರ ಇದಲ್ಲ. ಇಲ್ಲಿ ಒಬ್ಬೊಬ್ಬರಿಗೂ ಒಂದೊಂದು ತಗಡಿನ ಮನೆ, ಒಂದೊಂದೇ ಕೆಲಸ. ತಾವು ಸ್ವರ ಹುಟ್ಟಿಸುತ್ತೀರಿ, ಪಕ್ಕದ ಫಿಲ್ಟರ್ ಅವರು ಅದರ ಒರಟನ್ನು ಹೆರೆಯುತ್ತಾರೆ, ಅವರಾಚೆಯವರು ಸದ್ದನ್ನು ಹಿಗ್ಗಿಸಿ ಕುಗ್ಗಿಸುತ್ತಾರೆ. ಯಾರು ಹೇಳಿದ್ದು ಯಾರಿಗೆ ತಲುಪಬೇಕೆಂಬುದನ್ನು ಮುಂದೆ ಜೋತಾಡುವ ವೈರುಗಳನ್ನು ಕಿತ್ತು ಚುಚ್ಚಿ ನಾನು ನಿರ್ಧರಿಸುತ್ತೇನೆ. ನೀರಾವರಿ ಕಚೇರಿಯಲ್ಲಿ ಗುಮಾಸ್ತರಾಗಿರುವ ನಮ್ಮ ತಂದೆ ವೆಂಕೋಬ ಅವರು ಇದನ್ನು ಬಹಳ ಹೊತ್ತು ನೋಡಿ, ತಮ್ಮ ಆಫೀಸೂ ಹೀಗೆಯೇ ನಡೆಯುತ್ತದೆಂದು ಹೇಳಿ, ಮೊದಲ ಬಾರಿಗೆ ನನ್ನ ಓದಿನಲ್ಲಿ ಆಸಕ್ತಿ ತೋರಿದ್ದರು.

ತಮ್ಮ ಸಾಕುವಿಕೆಯಲ್ಲಿ ನಾನು ಕೊರತೆ ಮಾಡಿದೆನೆಂದು ತಾವು ಹೇಳಲಾರಿರಿ. ತಮಗೆ ಹೊದಿಸಿದ್ದು ಸೇಂಗಾ ಎಣ್ಣೆ ಡಬ್ಬಿಯ ಗಟ್ಟಿ ತಗಡು. ತಮ್ಮ ಕಿವಿ ಹಿಂಡುವ ಗುಂಡಿ ಸತ್ತುಹೋದ ಒಂದು ಒಳ್ಳೆಯ ಮನೆತನದ ರೇಡಿಯೋದ್ದು. ಮುಂದಿನ ರಸ್ತೆಯಲ್ಲಿ ಹಗಲಿರುಳು ಹೋಗುವ ಅದಿರು ಲಾರಿಗಳ ಕೆಂಪು ಧೂಳಿನಿಂದ ಫಿಲ್ಟರ್ ಅವರಿಗೆ ಗಂಟಲು ಕಟ್ಟಿ, ಮುಟ್ಟಿದರೆ ಕರ್ರೆನ್ನುವಂತಾದಾಗಲೂ, ಸ್ಪೀಕರಿನ ಅಯಸ್ಕಾಂತಕ್ಕೆ ಅದೇ ಧೂಳು ಅಂಟಿ ಮೀಸೆ ಬಂದಾಗಲೂ, ತಮ್ಮನ್ನು ಮಾತ್ರ ದಿನಾ ಹಲ್ಲುಜ್ಜುವ ಬ್ರಷ್ಷಿನಿಂದ ಗುಡಿಸಿದ್ದೇನೆ. ಒಂದೇ ಒಂದು ಅನುಕೂಲ ತಮಗೆ ಆಗಲಿಲ್ಲ. ಒಂದೇ ಗುಣದ ಎರಡು ಟ್ರಾನ್ಸಿಸ್ಟರುಗಳನ್ನು ಬೆನ್ನಿಗೆ ಬೆನ್ನು ಅಂಟಿಸಿ ತಮ್ಮೊಳಗೆ ಕೂರಿಸಬೇಕು, ಬಿಸಿಯಾದಾಗ ಒಬ್ಬರು ಸ್ವರವನ್ನು ಮೇಲಕ್ಕೆಳೆದರೆ ಇನ್ನೊಬ್ಬರು ಹಿಡಿದು ಕೂರಿಸಲಿ ಎಂದು ನಕ್ಷೆಯಲ್ಲಿತ್ತು. ಊರಿನಲ್ಲಿ ಅಂಥ ಜೋಡಿ ಸಿಗಲಿಲ್ಲವಾದ್ದರಿಂದ ಒಬ್ಬರನ್ನೇ ಕೂರಿಸಿ, ತಮ್ಮ ಸಂಯಮದ ಮೇಲೆ ಭಾರ ಹಾಕಿದೆ.

ಇನ್ನು ವಿಷಯಕ್ಕೆ ಬರುತ್ತೇನೆ. ನಮ್ಮೂರಿನಲ್ಲಿ ಈಗ ಖಾಲಿ ರೂಮು ಇಟ್ಟುಕೊಳ್ಳುವುದು ಪಾಪ. ಅದಿರು ಹಡಗು ಹತ್ತಲು ಶುರುವಾದ ಮೇಲೆ ದನದ ಕೊಟ್ಟಿಗೆಗಳಿಗೂ ಟ್ರಾನ್ಸ್‌ಪೋರ್ಟ್ ಎಂಬ ಬೋರ್ಡು ಬಿದ್ದಿದೆ. ಕಂಪ್ಲಿಯ ಅಕ್ಕಿ ಗಿರಣಿಗೆ ಬೀಗ ಹಾಕಿ ಲಾರಿ ಕೊಂಡ ಪಂಪಣ್ಣ ಎಂಬ ಗೃಹಸ್ಥರು ತಮ್ಮ ಆಫೀಸಿಗೆ ನಮ್ಮ ಹಿಂದಿನ ರೂಮೇ ಆಗಬೇಕೆಂದು ವಾರಕ್ಕೊಮ್ಮೆ ಬಂದು ಕಟ್ಟೆಯ ಮೇಲೆ ಕುಳಿತು, “ನಿಮ್ಮ ಹುಡುಗಿ ಸಾಮಾನು ಎಷ್ಟರ ಐತಿ ಬಿಡ್ರಿ ಸ್ವಾಮಿ, ನಮ್ಮ ಲಾರಿನ ಕಳಸ್ತೀನಿ, ಒಂದ ಟ್ರಿಪ್ಪಿಗೆ ಖಾಲಿ” ಎಂದು ತಮ್ಮನ್ನೂ ಅದಿರಿನ ಲೆಕ್ಕಕ್ಕೆ ಸೇರಿಸುತ್ತಿದ್ದರು. ತಾವು ಆಗ ಗುಂಯ್ ಎಂದು ಪ್ರತಿಭಟಿಸಿದ್ದು ನನಗೆ ನೆನಪಿದೆ.

ಅಷ್ಟರಲ್ಲಿ ದೊಡ್ಡಮ್ಮನವರ ಭಜನಾ ಮಂಡಳಿಯ ಶ್ರುತಿಪೆಟ್ಟಿಗೆ ಕರೆಂಟಿನ ಏರುಪೇರಿಗೆ ಸುಟ್ಟುಹೋಯಿತು. ನಮ್ಮ ದೊಡ್ಡಮ್ಮ ವಿಜಯಲಕ್ಷ್ಮೀಯವರು ಮಂಡಳಿಯ ಅಧ್ಯಕ್ಷೆ. ಹಂಪಿಯ ಹೊಳೆದಂಡೆಯ ಮಂಟಪದಲ್ಲಿ ದಾಸರ ಆರಾಧನೆಯ ದಿನ ಹಾಡುವುದು ಅವರ ಪಾಲಿಗೆ ವರ್ಷದ ಫಲ. ಅವರು ರೂಮಿಗೆ ಬಂದು, ತಮ್ಮ ಒಂದೇ ಸಮನಾದ ಸ್ವರವನ್ನು ಕಣ್ಣು ಮುಚ್ಚಿ ಕೇಳಿ, ಇಷ್ಟಿದ್ದರೆ ಸಾಕೆಂದರು. ತಂದೆಯವರು ಇದನ್ನೇ ಪರೀಕ್ಷೆಯಾಗಿ ಇಟ್ಟರು: “ಆರಾಧನಿ ದಿನ ನಿನ್ನ ಡಬ್ಬಿ ನೆಟ್ಟಗ ನಿಂತ್ರ ರೂಮು ನಿಂದು. ಇಲ್ಲಂದ್ರ ಪಂಪಣ್ಣಂದು. ಆಮ್ಯಾಲ ಅಳಬ್ಯಾಡ.” ಸೆಮಿಸ್ಟರ್ ಪರೀಕ್ಷೆಗೂ ಬಾರದ ಹೊಟ್ಟೆನೋವು ನನಗೆ ಅಂದಿನಿಂದ ಶುರುವಾಯಿತು (ಇದು ರಜಾ ಅರ್ಜಿಯ ಹೊಟ್ಟೆನೋವಲ್ಲ).

ಆ ಬೆಳಿಗ್ಗೆ ಮಂಟಪದ ಕಲ್ಲು ತಣ್ಣಗಿತ್ತು, ತಾವೂ ತಣ್ಣಗಿದ್ದಿರಿ, ಬ್ಯಾಟರಿಯ ಮೇಲೆ ಕುಳಿತು ಷಡ್ಜ ಹಿಡಿದು ಸಾಧುಗಳಂತೆ ಇದ್ದಿರಿ. ಆದರೆ ಶ್ರುತಿಯನ್ನು ದೇವರ ಮುಂದಿಟ್ಟ ಮೇಲೆ ಅದಕ್ಕೂ ಪೂಜೆಯಾಗಬೇಕಲ್ಲ? ದೊಡ್ಡಮ್ಮ ಎಣ್ಣೆ ಡಬ್ಬಿಯ ತಗಡಿಗೆ ಅರಿಷಿಣ ಕುಂಕುಮವಿಟ್ಟರು, ಹೂವೇರಿಸಿದರು, ತಮ್ಮ ಪಕ್ಕದಲ್ಲೇ ಎರಡು ಬತ್ತಿಯ ದೀಪ ಹಚ್ಚಿಟ್ಟರು. ಹೊಸ ವಾದ್ಯವೆಂದು ವ್ಯವಸ್ಥಾಪಕರೊಬ್ಬರಿಗೆ ಗೌರವ ಉಕ್ಕಿ, ಯಾರಿಗೋ ತಂದಿದ್ದ ಜರಿಯ ಶಾಲನ್ನು ತಂದು ತಮಗೆ ಕಂಠದವರೆಗೆ ಹೊದಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಕೈ ಮಾತ್ರ ಗುಂಡಿಯ ಕಡೆ ಹೋಯಿತು. ದೊಡ್ಡಮ್ಮ ಕಣ್ಣಲ್ಲೇ ತಡೆದರು. ಪೂಜೆಯಾದ ಮೇಲೆ ಮಂಗಳಾರತಿಯವರೆಗೆ ಮುಟ್ಟುವಂತಿಲ್ಲ.

ಶಾಲು ಹೊದಿಸಿಕೊಂಡ ಮೇಲೆ ನೆಲದ ಮೇಲೆ ನಿಂತವರನ್ನು ನಾನು ಈ ಊರಿನಲ್ಲಿ ನೋಡಿಲ್ಲವಾದರೂ, ತಾವು ಯಂತ್ರ, ತಮ್ಮಿಂದ ಬೇರೆಯದನ್ನು ನಿರೀಕ್ಷಿಸಿದ್ದೆ. ಒಳಗೆ ಬಿಸಿಯಾಗಿ, ತಾವೂ ಸ್ವರದಲ್ಲಿ ಏರತೊಡಗಿದಿರಿ. ಒಮ್ಮೆಗೇ ಹಾರಿದ್ದರೆ ಯಾರಾದರೂ ತಿರುಗಿ ನೋಡುತ್ತಿದ್ದರು. ತಾವೋ ಸೈಟಿನ ರೇಟು ಏರಿದ ಹಾಗೆ, ಇವತ್ತು ಕೇಳಿದವರಿಗೆ ನಿನ್ನೆಯೂ ಇಷ್ಟೇ ಇತ್ತೇನೋ ಅನ್ನಿಸುವ ಹಾಗೆ, ಮೆತ್ತಗೆ, ಸಭ್ಯವಾಗಿ ಏರಿದಿರಿ. ದಾಸರ ಮೊದಲ ಪದ ಮುಗಿಯುವ ಹೊತ್ತಿಗೆ ತಾವು ಹೊರಟ ಊರು ಹಿಂದುಳಿದಿತ್ತು.

ಇಲ್ಲಿ ತಾವು ನಮ್ಮ ಮಂಡಳಿಯ ಹೆಂಗಸರ ಗುಣವನ್ನು ದುರುಪಯೋಗಪಡಿಸಿಕೊಂಡಿರಿ ಎಂಬುದೇ ನನ್ನ ಮುಖ್ಯ ದೂರು. ಗಂಡನ ಮಾತನ್ನು ಮೀರಿಯಾರು, ಶ್ರುತಿಯನ್ನು ಮೀರುವವರಲ್ಲ. ತಾವು ಕೂದಲೆಳೆಯಷ್ಟು ಮೇಲೆ ಹೋದರೆ ಅವರೂ ಕೂದಲೆಳೆಯಷ್ಟು ಮೇಲೆ ಹೋದರು. ದೊಡ್ಡಮ್ಮನ ಕುತ್ತಿಗೆಯ ನರ ಎದ್ದಿತು, ಹಿಂದಿನ ಸಾಲಿನವರು ಉಸಿರಿಗೊಮ್ಮೆ ಬಾಯಿ ತೆರೆದು ಮುಚ್ಚಿದರು, ತಾಳ ಹಾಕುವ ದುರ್ಗಕ್ಕನವರು ಕೂತಲ್ಲಿಂದಲೇ ಮೇಲೇಳುತ್ತ ಕೊನೆಯ ನುಡಿಗೆ ಮೊಣಕಾಲ ಮೇಲೆ ನಿಂತಿದ್ದರು. ಬಿಟ್ಟುಕೊಟ್ಟವರು ಒಬ್ಬರೂ ಇಲ್ಲ. ನಾನು ಕಂಬದ ಹಿಂದೆ ಕುಳಿತು ಬ್ಯಾಟರಿ ಸಾಯಲೆಂದು ದೇವರನ್ನು ಬೇಡಿದೆ. ನಾನೇ ಚಾರ್ಜ್ ಮಾಡಿದ್ದ ಬ್ಯಾಟರಿ, ಸಾಯಲಿಲ್ಲ.

ಮಂಗಳಾರತಿಯಾಯಿತು. ಜನ ಕಣ್ಣೊರೆಸಿಕೊಂಡರು, ಇಂಥ ಎತ್ತರದ ಭಕ್ತಿ ಈ ಮಂಟಪದಲ್ಲಿ ಕೇಳಿಲ್ಲವೆಂದರು. ತಂದೆಯವರು ಮಾತ್ರ ನನ್ನನ್ನೊಮ್ಮೆ, ಪೆಟ್ಟಿಗೆಯನ್ನೊಮ್ಮೆ ನೋಡಿ ಪಂಪಣ್ಣನವರ ನಂಬರಿಗಾಗಿ ಜೇಬು ತಡಕಿದರು. ಆಗ ದೊಡ್ಡಮ್ಮ, ಇಲ್ಲದ ಧ್ವನಿಯಲ್ಲಿ, ತಪ್ಪೆಲ್ಲ ಮಂಡಳಿಯದೆಂದು ಘೋಷಿಸಿದರು: ಸಾಧನೆ ಸಾಲದೆ ಗಂಟಲು ಸೋತವು, ಇನ್ನು ಮೇಲೆ ದಿನಾ ಬೆಳಿಗ್ಗೆ ಇದೇ ಪೆಟ್ಟಿಗೆಯ ಮುಂದೆ, ಇದೇ ದೀಪ, ಇದೇ ಶಾಲಿನ ಸಮೇತ, ಅದೇ ಹಿಂದಿನ ರೂಮಿನಲ್ಲಿ ಅಭ್ಯಾಸ, ರೂಮನ್ನು ಯಾರಿಗೂ ಕೊಡತಕ್ಕದ್ದಲ್ಲ. ನಾನು ತಡೆಯಲಾರದೆ, ಏರಿದ್ದು ನೀವಲ್ಲ, ಪೆಟ್ಟಿಗೆ ಎಂದು ನಿಜ ಹೇಳಿಬಿಟ್ಟೆ. ಅವರು ನನ್ನ ತಲೆ ಸವರಿದರು. “ಶ್ರುತಿ ಎಲ್ಲೆರ ತಪ್ಪತದೇನ? ತಪ್ಪೋರು ನಾವು. ನನ್ನ ಮರ್ಯಾದಿ ಉಳಸಲಿಕ್ಕೆ ತಪ್ಪು ಪಾಪ ಆ ಪೆಟ್ಟಿಗಿ ಮ್ಯಾಲ ಹಾಕಬ್ಯಾಡವಾ.”

ಹೀಗೆ ತಮ್ಮ ಕೃಪೆಯಿಂದ ರೂಮು ಉಳಿಯಿತು. ಆದರೆ ಗಂಟಲು ಸುಧಾರಿಸಲೆಂದು ದೊಡ್ಡಮ್ಮ ಮಜ್ಜಿಗೆ ಬಿಟ್ಟರು, ಆಮೇಲೆ ಉಪ್ಪಿನಕಾಯಿ ಬಿಟ್ಟರು. ಊಟದ ಹೊತ್ತಿಗೆ ಉಪ್ಪಿನಕಾಯಿ ಭರಣಿಯ ಕಡೆ ಅವರು ನೋಡುವ ನೋಟವನ್ನು ತಾವು ಕಂಡಿಲ್ಲ. ಕಂಡಿದ್ದರೆ ತಮ್ಮ ಸೋಲ್ಡರ್ ಬೆಸುಗೆ ಕರಗುತ್ತಿತ್ತು. ಬೆಂಗಳೂರಿಗೆ ಹೋಗಿದ್ದ ಸಹಪಾಠಿಯಿಂದ ಆ ಟ್ರಾನ್ಸಿಸ್ಟರ್ ಜೋಡಿಯನ್ನು ತರಿಸಿ, ಬೆನ್ನಿಗೆ ಬೆನ್ನು ಅಂಟಿಸಿ, ತಮ್ಮೊಳಗೆ ಕೂರಿಸಿದೆ. ತಾವು ಗುಣವಾದಿರಿ. ಮಧ್ಯಾಹ್ನದ ಬಿಸಿಲಿಗಿಟ್ಟರೂ ಕದಲಲಿಲ್ಲ. ಹೆಮ್ಮೆಯಿಂದ ನನಗೆ ಆ ದಿನ ಊಟ ಸೇರಲಿಲ್ಲ.

ಮರುದಿನ ಮಂಡಳಿ ಹಾಡಿತು. ತಾವು ನಿಂತಲ್ಲೇ ನಿಂತಿರಿ, ಅವರು ನಿಲ್ಲಲಿಲ್ಲ. ಇಷ್ಟು ದಿನ ತಮ್ಮ ಹಿಂದೆ ಹತ್ತಿ ಹತ್ತಿ ರೂಢಿಯಾದ ಗಂಟಲುಗಳು ತಾವಾಗಿಯೇ ಮೆಟ್ಟಿಲೇರಿ ಹೋಗಿ, ಮೇಲಿನಿಂದ ತಮ್ಮನ್ನು ಬಗ್ಗಿ ನೋಡಿದವು. ದುರ್ಗಕ್ಕ ತಾಳ ನಿಲ್ಲಿಸಿ, “ಅಕ್ಕಾರ, ಪೆಟ್ಟಿಗಿಗೆ ಮೈಯಾಗ ಹುಷಾರಿಲ್ಲ ನೋಡ್ರಿ, ಕೆಳಗ ಜಾರಾಕ ಹತ್ತೈತಿ” ಅಂದರು. ದೊಡ್ಡಮ್ಮ ತಮ್ಮ ತಗಡು ಮುಟ್ಟಿ ನೋಡಿ ಮುಖ ಸಣ್ಣದು ಮಾಡಿಕೊಂಡರು. ಕೆಟ್ಟುಹೋದ ಪೆಟ್ಟಿಗೆಗೆ ರೂಮು ಯಾಕೆಂದು ತಂದೆಯವರು ಕೇಳಿದ್ದು ನ್ಯಾಯವೇ. ಸಂಜೆಗೆ ಪಂಪಣ್ಣನವರು ಅಳತೆ ಟೇಪು ಹಿಡಿದು ಬಂದು, ತಮ್ಮನ್ನು ಮೇಜಿನ ಸಮೇತ ಅಳೆದರು.

ಅವರು ಬಾಗಿಲಿನ ಅಗಲ ಅಳೆಯುತ್ತಿದ್ದಾಗಲೇ ನಾನು ಸೋಲ್ಡರ್ ಕಡ್ಡಿ ಕಾಯಿಸಿ, ಆ ಒಳ್ಳೆಯ ಜೋಡಿಯನ್ನು ಕಿತ್ತು, ಹಳೆಯ ಒಂಟಿಯನ್ನು ಮತ್ತೆ ಹಚ್ಚಿದೆ. ಅವಸರಕ್ಕೆ ಬೆರಳು ಸುಟ್ಟಿತು. ಆಮೇಲೆ ದೀಪ ತಂದು ಪಕ್ಕದಲ್ಲಿಟ್ಟೆ, ಶಾಲು ತಂದು ಹೊದಿಸಿದೆ, ದೊಡ್ಡಮ್ಮನನ್ನು ಕರೆದೆ. ತಾವು ಏರಿದಿರಿ. ಅವರು ಬಾಗಿಲಲ್ಲೇ ನಿಂತು ಕೇಳಿ, “ಈಗ ನೆಟ್ಟಗಾತು ನೋಡು” ಅಂದರು. ಪಂಪಣ್ಣನವರು ಟೇಪು ಸುತ್ತಿಕೊಂಡರು.

ಆದುದರಿಂದ ಮಾನ್ಯರಲ್ಲಿ ವಿನಂತಿ ಇಷ್ಟೇ: ತಾವು ದಯವಿಟ್ಟು ಕೆಟ್ಟೇ ಇರಬೇಕು, ಆದರೆ ಮಿತವಾಗಿ, ಏರಬೇಕು, ಆದರೆ ಕೊನೆಯ ನುಡಿಗೆ ಒಂದು ಮೆಟ್ಟಿಲು ಮೊದಲು ಕುಳಿತು ಸುಧಾರಿಸಿಕೊಳ್ಳಬೇಕು, ಮತ್ತು ಸಾಧ್ಯವಾದರೆ, ತಪ್ಪು ತಮ್ಮದೆಂದು ದೊಡ್ಡಮ್ಮನಿಗೆ ತಾವೇ ಸ್ವಂತ ಬಾಯಿಂದ ತಿಳಿಸಿ, ಅವರಿಗೆ ಉಪ್ಪಿನಕಾಯಿ ಬಡಿಸುವ ಅವಕಾಶ ಕೊಡಬೇಕು. ನಾನು ಹೇಳಿದರೆ ನಂಬುವುದಿಲ್ಲ. ತಮ್ಮ ಮಾತನ್ನು ಅವರು ಮೀರುವುದಿಲ್ಲ.

ಸುಟ್ಟ ಬೆರಳಿನಿಂದ ಸಹಿ ಮಾಡುವ,
ತಮ್ಮ ವಿಶ್ವಾಸಿ,
ಅರ್ಚಿತಾ

ತಾ.ಕ.: ಇದು ಇನ್ನೂ ಚಳಿಗಾಲ. ಮುಂದೆ ಬಳ್ಳಾರಿ ಜಿಲ್ಲೆಯ ಬೇಸಿಗೆ ಬರಲಿದೆ, ರೂಮಿಗೆ ತಗಡಿನ ಚಾವಣಿ, ಮತ್ತು ದುರ್ಗಕ್ಕನವರಿಗೆ ಬಿ.ಪಿ. ಇದೆ ಎಂಬುದನ್ನು ತಮ್ಮ ಗಮನಕ್ಕೆ ತರುತ್ತೇನೆ. ಅವರಿಗೆ ಏನಾದರೂ ಆದರೆ ಆಸ್ಪತ್ರೆಗೆ ಒಯ್ಯಲು ಪಂಪಣ್ಣನವರು ಲಾರಿ ಕೊಡಲು ಒಪ್ಪಿದ್ದಾರೆ. ಬರುವಾಗ ಅದು ಖಾಲಿ ಇರುತ್ತದಂತೆ, ತಮ್ಮನ್ನು ಹೇರಿಕೊಳ್ಳಲು.